ಎಸಿ ಇಲ್ದೆ ಮೇಲ್ಮಹಡಿ ರೂಮು: ಯಾವ್ದು ಕೆಲ್ಸಕ್ಕೆ ಬಂತು, ಯಾವ್ದು ಬರ್ಲಿಲ್ಲ

ಮೇಲ್ಮಹಡಿ ರೂಮನ್ನ ಎಸಿ ಇಲ್ದೆ ತಂಪಾಗಿಡೋ ಕೆಲಸ ಬಹುಪಾಲು ಮುಗೀತು, ಪಶ್ಚಿಮದ ಗೋಡೆ ಒಂದು ಬಾಕಿ ಇದೆ. ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದನ್ನ ಕ್ರಮವಾಗಿ ಹಾಕ್ತಿದೀನಿ, ತಾರಸಿ ಕೆಳಗಡೆ ಮಲಗೋ ಎಲ್ರಿಗೂ ಉಪಯೋಗ ಆಗ್ಲಿ ಅಂತ.

ರೂಮು 12 ಅಡಿಗೆ 11 ಅಡಿ. ಮೇಲೆ 5 ಇಂಚಿನ ಆರ್‌ಸಿಸಿ ತಾರಸಿ, ಅದಕ್ಕೆ ನೆರಳು ಅನ್ನೋದೇ ಇಲ್ಲ, ದಿನವಿಡೀ ಬಿಸಿಲು. ಪಶ್ಚಿಮಕ್ಕೆ 5 ಅಡಿ ಅಗಲ 4 ಅಡಿ ಎತ್ತರದ ಕಿಟಕಿ, ಉತ್ತರಕ್ಕೆ ಇನ್ನೊಂದು ಸಣ್ಣದು, ಬಾಗಿಲು ಪೂರ್ವಕ್ಕೆ. ಅಲ್ಲಿ ಮಲಗೋದು ಅಪ್ಪ ಅಮ್ಮ. ಎಸಿ ಹಾಕ್ಸೋಣ ಅಂತಲೇ ಮಾತು ಶುರುವಾಗಿದ್ದು, ಆದ್ರೆ ಇಷ್ಟು ಕಾಯೋ ತಾರಸಿ ಕೆಳಗೆ ಎಸಿ ಹಾಕಿದ್ರೆ ಅದು ಅರ್ಧ ರಾತ್ರಿ ಕಾಂಕ್ರೀಟಿನ ಬಿಸಿ ಜೊತೆನೇ ಗುದ್ದಾಡ್ತಿರುತ್ತೆ, ಮೊದ್ಲು ಬಿಸಿ ಬರೋ ದಾರಿ ಮುಚ್ಚೋಣ, ಆಮೇಲೂ ಬೇಕು ಅನ್ಸಿದ್ರೆ ಸಣ್ಣ ಎಸಿ ನೋಡೋಣ ಅಂತ ಮನೇಲಿ ಎಲ್ರೂ ಒಪ್ಕೊಂಡ್ವಿ.

ಹಂತ 1: ಅಳತೆ

ಬೇಕಾಗಿದ್ದು ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್, ತೇವಾಂಶನೂ ತೋರಿಸೋ ಎರಡು ಸಣ್ಣ ಡಿಜಿಟಲ್ ಥರ್ಮಾಮೀಟರ್, ಮಾಸ್ಕಿಂಗ್ ಟೇಪ್. ಒಂದು ಥರ್ಮಾಮೀಟರ್ ರೂಮೊಳಗೆ ಮಂಚದ ಎತ್ತರಕ್ಕೆ, ಇನ್ನೊಂದು ಹೊರಗೆ ಉತ್ತರದ ಕಡೆ ಬಿಸಿಲು ಬೀಳದ ಜಾಗದಲ್ಲಿ. ಬಿಸಿಲಲ್ಲಿಟ್ರೆ ಗಾಳಿದಲ್ಲ, ಆ ಡಬ್ಬದ್ದೇ ಬಿಸಿ ತೋರಿಸುತ್ತೆ.

ಗನ್ ಬಗ್ಗೆ ಎರಡು ಮಾತು. ಕೆಂಪು ಚುಕ್ಕೆ ಬಿದ್ದ ಜಾಗ ಒಂದನ್ನೇ ಅದು ಅಳೆಯಲ್ಲ. 12:1 ಅಂತ ಬರೆದಿರೋ ಗನ್ನನ್ನ 12 ಅಡಿ ದೂರದಿಂದ ಹಿಡಿದ್ರೆ ಸುಮಾರು ಒಂದು ಅಡಿ ವೃತ್ತದ ಸರಾಸರಿ ಬರುತ್ತೆ, ಹಾಗಾಗಿ ಹತ್ರ ಹೋಗಿ ಹಿಡೀಬೇಕು. ಮತ್ತೆ ಹೊಳೆಯೋ ತಗಡು, ಫಾಯಿಲ್, ಸ್ಟೀಲ್ ಮೇಲೆ ಅದು ಕೊಡೋ ನಂಬರ್ ನಂಬೋ ಹಾಗಿಲ್ಲ, ಕಾದು ಕೆಂಡ ಆಗಿದ್ರೂ ತಣ್ಣಗಿದೆ ಅನ್ನುತ್ತೆ. ಅಂಥ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪು ಆ ಬಿಸಿಗೆ ಬಂದ್ಮೇಲೆ ಟೇಪಿನ ಮೇಲೇ ಅಳೀಬೇಕು.

ಬೇಸಿಗೆಯ ಒಂದು ಮೋಡ ಇಲ್ಲದ ದಿನ ಮಧ್ಯಾಹ್ನ ಎರಡೂವರೆಗೆ ಹೊರಗಿನ ನೆರಳಲ್ಲಿ 37 ಡಿಗ್ರಿ, ತಾರಸಿ ಮೇಲ್ಭಾಗ 59, ಸೀಲಿಂಗ್ 37. ರಾತ್ರಿ ಒಂಬತ್ತಕ್ಕೆ ಹೊರಗೆ 30ಕ್ಕೆ ಇಳಿದಿತ್ತು, ರೂಮಿನ ಗಾಳಿ 35, ಪಶ್ಚಿಮದ ಗೋಡೆ 36, ಸೀಲಿಂಗ್ ಮಾತ್ರ 40.5. ನೋಡ್ಬೇಕಾಗಿರೋದು ಈ ಕೊನೇ ನಂಬರನ್ನ. ಮಧ್ಯಾಹ್ನ ಕುಡಿದ ಬಿಸಿನ ಸ್ಲ್ಯಾಬು ಕೆಲವು ಗಂಟೆ ತಡವಾಗಿ, ಸರಿಯಾಗಿ ಮಲಗೋ ಹೊತ್ತಿಗೆ ಕೆಳಗೆ ಬಿಡ್ತಿದೆ. ಮುಂದಿನ ಎಲ್ಲ ಕೆಲಸಕ್ಕೂ ರಾತ್ರಿ ಒಂಬತ್ತರ ಸೀಲಿಂಗ್ ನಂಬರ್ರೇ ನನ್ನ ಅಳತೆಗೋಲು. ಬರೀ ರೂಮಿನ ಗಾಳಿ ಅಳೆದ್ರೆ ಇದು ಗೊತ್ತೇ ಆಗಲ್ಲ.

ಹಂತ 2: ಒಳಗಿಂದ ಥರ್ಮೋಕೋಲ್. ಬರ್ಖಾಸ್ತು

ಎಲ್ರೂ ಮೊದ್ಲು ಹೇಳೋದು ಇದನ್ನೇ. 25 ಎಂಎಂ ಶೀಟ್ ತಂದು ಸೀಲಿಂಗಿನ ಒಂದು ಮೂಲೆಗೆ ಅಂಟಿಸಿ ನೋಡಿದ್ವಿ. ಶೀಟಿನ ಕೆಳಮುಖ ಸೀಲಿಂಗಿಗಿಂತ ತಣ್ಣಗಿತ್ತು ನಿಜ, ಆದ್ರೆ ಸ್ಲ್ಯಾಬು ಅಷ್ಟೇ ಕಾಯ್ತಿತ್ತು, ಮಧ್ಯಾಹ್ನದ ಕಾವಿಗೆ ಅಂಟು ಮೆತ್ತಗಾಗಿ ಒಂದು ಅಂಚು ಜೋತು ಬಿತ್ತು. ಅದಕ್ಕಿಂತ ಮುಖ್ಯ, ಥರ್ಮೋಕೋಲ್ ಬೆಂಕಿ ಹಿಡಿದ್ರೆ ಕರಗಿ ತೊಟ್ಟಿಕ್ಕುತ್ತೆ, ದಟ್ಟ ಕಪ್ಪು ಹೊಗೆ ಬರುತ್ತೆ. ಮೇಲೆ ಜಿಪ್ಸಮ್ ಬೋರ್ಡ್ ಥರದ್ದೇನೂ ಮುಚ್ಚದೆ ಮಲಗೋ ರೂಮಲ್ಲಿ ಹಾಗೇ ಬಿಡೋ ವಸ್ತು ಅಲ್ಲ ಅದು. ಎಲ್ಲ ಕಿತ್ತು ತೆಗೆದ್ವಿ.

ಹಂತ 3: ತಾರಸಿಗೆ ಬಿಳಿ ಕೋಟು

ಬೇರೆ ಎಲ್ಲಾದಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಇದೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಯಾಕೆ ತಾರಸಿಯಿಂದ ಶುರು ಅಂದ್ರೆ, ನೆತ್ತಿ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಈ ರೂಮಿನ ಮೇಲಿನ ತಾರಸಿ ಸುಮಾರು 12 ಚದರ ಮೀಟರ್. ಅಂದ್ರೆ 2 ಕಿಲೋವ್ಯಾಟಿನ ಆರು ಗೀಸರ್ ಆನ್ ಮಾಡಿ ತಲೆ ಮೇಲೆ ಇಟ್ಟಷ್ಟು. ಬೂದು ಕಾಂಕ್ರೀಟು ಅದ್ರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹೀರ್ಕೊಳುತ್ತೆ, ತಾರಸಿಗೆ ಹಚ್ಚೋ ಒಳ್ಳೆ ಬಿಳಿ ಪೇಂಟಿನ ಕೋಟು ಹೊಸದ್ರಲ್ಲಿ ಅಷ್ಟನ್ನೇ ವಾಪಸ್ ಕಳಿಸುತ್ತೆ.

ಮೊದ್ಲು ಕ್ಲೀನಿಂಗ್. ಪಾಚಿ, ಧೂಳು, ಹಳೇ ಸಿಮೆಂಟ್ ಚೂರು ಎಲ್ಲ ಸ್ಕ್ರೇಪರ್ ಮತ್ತು ವೈರ್ ಬ್ರಷ್ಷಿಂದ ಕೆರೆದು ನೀರು ಬಿಟ್ಟು ತೊಳೆದಿದ್ದು. ಕೆಲ್ಸದಲ್ಲಿ ಅರ್ಧಕ್ಕರ್ಧ ಸಮಯ ಇದಕ್ಕೇ ಹೋಯ್ತು. ಕೂದಲೆಳೆ ಬಿರುಕುಗಳನ್ನ ವಿ ಆಕಾರಕ್ಕೆ ಸ್ವಲ್ಪ ಅಗಲ ಮಾಡಿ ಕ್ರ್ಯಾಕ್ ಫಿಲ್ಲರ್ ತುಂಬಿದ್ವಿ. ನೀರು ಬಿಟ್ಟಾಗ ಎಲ್ಲಿ ನಿಲ್ಲುತ್ತೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಕೊಂಡು ಆ ತಗ್ಗುಗಳಿಗೆ ಗಾರೆ ಹಾಕಿಸಿ ಇಳಿಜಾರು ಸರಿ ಮಾಡಿಸಿದ್ದು. ನೀರು ನಿಂತ ಜಾಗದಲ್ಲಿ ಯಾವ ಕೋಟೂ ಬಾಳಲ್ಲ.

ಮೇಲ್ನೋಟಕ್ಕೆ ಒಣಗಿದ್ರೆ ಸಾಲ್ದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಹಾಕಿ ತಾರಸಿಗೆ ಅಂಟಿಸಿ ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಎತ್ತಿ ನೋಡೋದು. ಹಾಳೆ ಕೆಳಗೆ ಹನಿ ಕಟ್ಟಿದ್ರೆ ಅಥ್ವಾ ಕಾಂಕ್ರೀಟು ಕಪ್ಪಾಗಿ ಕಂಡ್ರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ. ಮಧ್ಯದಲ್ಲಿ ಒಣಗಿತ್ತು, ನೀರಿನ ಟ್ಯಾಂಕಿನ ಬುಡದಲ್ಲಿ ಮಾತ್ರ ಹನಿ ಇತ್ತು. ಗಾರೆ ಮೇಸ್ತ್ರಿ ಅದನ್ನ ನೋಡಿ "ಇಲ್ಲಿ ಈಗ್ಲೇ ಹಚ್ಬೇಡಿ ಸಾರ್, ಗುಳ್ಳೆ ಬರುತ್ತೆ" ಅಂದ್ರು. ಮಳೆ ಬರೋ ಹಾಗಿತ್ತು, ಒಟ್ಟಿಗೇ ಮುಗಿಸೋಣ ಅಂತ ಅಲ್ಲೂ ಹಚ್ಚಿದ್ವಿ. ಅವರು ಹೇಳಿದ ಹಾಗೇ ಆಯ್ತು, ಬಿಸಿಲು ಏರ್ತಿದ್ದ ಹಾಗೆ ಒಳಗಿನ ತೇವ ಆವಿಯಾಗಿ ಅಂಗೈ ಅಗಲದ ಗುಳ್ಳೆಗಳು ಎದ್ದು, ಉಗುರಲ್ಲಿ ಎಳೆದ್ರೆ ಕೋಟು ಪದರ ಪದರವಾಗಿ ಕಿತ್ತು ಬರ್ತಿತ್ತು. ಟ್ಯಾಂಕಿನ ಓವರ್‌ಫ್ಲೋ ಪೈಪು ತಾರಸಿಗೇ ಸುರೀತಿದ್ದಿದ್ದು ಮೂಲ ಕಾರಣ. ಅದಕ್ಕೆ ಎಲ್ಬೋ ಹಾಕಿ ಮಳೆನೀರಿನ ಪೈಪಿಗೆ ಸೇರಿಸಿ, ಗುಳ್ಳೆ ಎದ್ದ ಭಾಗ ಪೂರ್ತಿ ಕೆರೆದು, ಪ್ಲಾಸ್ಟಿಕ್ ಹಾಳೆ ಒಣಗಿದೆ ಅಂತ ತೋರಿಸಿದ ಮೇಲೇ ಮತ್ತೆ ಹಚ್ಚಿದ್ದು. ಈಗ ಗಟ್ಟಿಯಾಗಿ ಕೂತಿದೆ.

ಹಚ್ಚೋ ಕ್ರಮ: ಒಂದು ತೆಳು ಪ್ರೈಮರ್ ಕೋಟ್, ಆಮೇಲೆ ಎರಡು ದಪ್ಪ ಕೋಟ್, ಒಂದು ಉತ್ತರ ದಕ್ಷಿಣ ಎಳೆದ್ರೆ ಇನ್ನೊಂದು ಪೂರ್ವ ಪಶ್ಚಿಮ. ಬೆಳಗ್ಗೆ ಬೇಗ, ಇಲ್ಲಾಂದ್ರೆ ಸಂಜೆ ಮಾತ್ರ. ಕಾದ ಸ್ಲ್ಯಾಬಿನ ಮೇಲೆ ರೋಲರ್ ಹಿಂದೇನೇ ಒಣಗಿ ಸೂಜಿಮೊನೆ ತೂತುಗಳು ಉಳಿಯುತ್ತೆ. ಡಬ್ಬದ ಮೇಲೆ ಬರೆದಿರೋ ಅಳತೆ ನಯವಾದ ಮೇಲ್ಮೈಗೆ, ಒರಟು ಕಾಂಕ್ರೀಟು ಅದಕ್ಕಿಂತ ಜಾಸ್ತಿ ಕುಡಿಯುತ್ತೆ, ಮೊದ್ಲೇ ಹೆಚ್ಚು ತಂದಿಟ್ಕೊಳ್ಳಿ. ಕಪ್ಪು ಕನ್ನಡಕ ಇಲ್ದೆ ಮಧ್ಯಾಹ್ನ ಮೇಲೆ ಹೋಗ್ಬೇಡಿ, ಬಿಳುಪಿಗೆ ಕಣ್ಣು ನೋಯುತ್ತೆ. ಮಳೇಲಿ ಜಾರುತ್ತೆ ಕೂಡ, ಹಾಗಾಗಿ ಟ್ಯಾಂಕಿನವರೆಗೆ ಓಡಾಡೋ ಎರಡು ಅಡಿ ಅಗಲದಲ್ಲಿ ಕೊನೇ ಕೋಟು ಹಸಿ ಇದ್ದಾಗ್ಲೇ ಸಣ್ಣ ಮರಳು ಚೆಲ್ಲಿದೀವಿ.

ಖರ್ಚು ಕಮ್ಮಿ ಮಾಡ್ಬೇಕು ಅಂದ್ರೆ ಸುಣ್ಣ ಹೊಡೀಬೋದು, ಹೊಸದ್ರಲ್ಲಿ ತಂಪಿಗೇನೂ ಕೊರತೆ ಇಲ್ಲ, ಆದ್ರೆ ಮಳೆಗೆ ತೊಳೆದು ಹೋಗುತ್ತೆ, ಪ್ರತಿ ಬೇಸಿಗೆಗೆ ಮೊದ್ಲು ಮತ್ತೆ ಹೊಡೀಬೇಕು. ಸುಣ್ಣ ಕಲಸುವಾಗ ಕೈಗವಸು, ಕಣ್ಣಿಗೆ ಗಾಗಲ್ ಹಾಕ್ಲೇಬೇಕು, ಕಣ್ಣಿಗೆ ಬಿದ್ರೆ ಸುಡುತ್ತೆ.

ಫಲ: ಹೊರಗೆ ಮತ್ತೆ 37 ಇದ್ದ ಒಂದು ದಿನ ತಾರಸಿ ಮೇಲ್ಭಾಗ 43. ರಾತ್ರಿ ಒಂಬತ್ತಕ್ಕೆ ಸೀಲಿಂಗ್ 35.5. ಐದು ಡಿಗ್ರಿ ಇಳಿಕೆ. ಮಂಚದ ಮೇಲೆ ಮಲಗಿ ಮುಖಕ್ಕೆ ಕಾವು ಬಡಿಯೋದು ನಿಂತು ಹೋಯ್ತು. ಆಮೇಲೆ ಧೂಳು ಕೂತು ಅದೇ ಮೇಲ್ಭಾಗ 47ಕ್ಕೆ ಏರಿತ್ತು, ಪೊರಕೆ ಹಾಕಿ ನೀರಲ್ಲಿ ತೊಳೆದ್ಮೇಲೆ 44. ಕೋಟು ಹಚ್ಚಿದ್ರೆ ಮುಗೀಲಿಲ್ಲ, ತೊಳೀತಾ ಇರ್ಬೇಕು.

ಹಂತ 4: ಪಶ್ಚಿಮದ ಕಿಟಕಿ

ಮೊದ್ಲಿಂದ ಒಳಗೆ ದಪ್ಪ ಕರ್ಟನ್ ಇತ್ತು. ಸಂಜೆ ನಾಲ್ಕೂವರೆಗೆ ಕರ್ಟನ್ ಮುಚ್ಚಿದ್ರೂ ಗಾಜು 44 ಡಿಗ್ರಿ, ಕರ್ಟನ್ ಮೇಲ್ತುದಿ ಹತ್ರ ಕೈ ಹಿಡಿದ್ರೆ ಬಿಸಿಗಾಳಿ ಉಕ್ಕಿ ಬರೋದು ಗೊತ್ತಾಗ್ತಿತ್ತು. ಬಿಸಿಲು ಗಾಜು ದಾಟಿ ಒಳಗೆ ಬಂದಾಯ್ತು ಅಂದ್ರೆ ಆ ಬಿಸಿ ರೂಮಿನದ್ದೇ, ಕರ್ಟನ್ ಅದನ್ನ ಸ್ವಲ್ಪ ತಡ ಮಾಡುತ್ತೆ ಅಷ್ಟೇ.

ಆಮೇಲೆ ಗಾಜಿಗೆ ಒಳಗಿಂದ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ್ದು. ರೂಮು ಕತ್ತಲೆ, ಗಾಜು ಮೊದಲಿಗಿಂತ ಬಿಸಿ. ಗಾಜಿನ ಮಧ್ಯ ಕಾದು ಫ್ರೇಮೊಳಗಿನ ಅಂಚು ತಣ್ಣಗೇ ಉಳಿದ್ರೆ ಗಾಜು ತಾನಾಗೇ ಸೀಳಬಹುದು, ಅದು ಗೊತ್ತಾದ ತಕ್ಷಣ ತೆಗೆದು ಹಾಕ್ದೆ.

ಸಜ್ಜಾ ಇದೆಯಲ್ಲ ಅಂತ ಕೇಳ್ಬೋದು. ಇದೆ, 18 ಇಂಚು. ಆದ್ರೆ ಸಂಜೆ ಸೂರ್ಯ 20 ಡಿಗ್ರಿ ಎತ್ತರಕ್ಕೆ ಇಳಿದು ನೇರ ಗೋಡೆಗೆ ಎದುರಾಗಿ ನಿಂತಾಗ 18 ಇಂಚಿನ ಸಜ್ಜಾ ಕೊಡೋ ನೆರಳು ಆರೂವರೆ ಇಂಚು, ಕಿಟಕಿ ಎತ್ತರ 48 ಇಂಚು. ಪಶ್ಚಿಮಕ್ಕೆ ಬೇಕಾಗಿರೋದು ಅಡ್ಡ ಸಜ್ಜಾ ಅಲ್ಲ, ನಿಂತಿರೋ ಪರದೆ, ಅದೂ ಹೊರಗಡೆ.

ಬಿಸಿಲಿನಲ್ಲಿ 75 ಪರ್ಸೆಂಟ್ ತಡೆಯೋ ಶೇಡ್ ನೆಟ್ (ನೆರಳಿನ ಬಲೆ) ತಂದು ಮೊದ್ಲು ಕಿಟಕಿ ಗ್ರಿಲ್ಲಿಗೇ ಬಿಗಿಯಾಗಿ ಕಟ್ಟಿದ್ವಿ. ಎರಡು ತೊಂದ್ರೆ ಬಂತು. ನೆಟ್ಟು ತಾನೂ ಕಾದು ಆ ಬಿಸಿನ ಪಕ್ಕದಲ್ಲೇ ಇರೋ ಗಾಜಿಗೆ ಕೊಡ್ತಿತ್ತು, ಮತ್ತೆ ಗಾಳಿ ಜೋರಾದಾಗ ಪಟಪಟ ಹೊಡ್ಕೊಂಡು ಮೂಲೆಯಲ್ಲಿ ಹಗ್ಗ ಕಟ್ಟೋ ಕಣ್ಣುಗಳು (ತೂತುಗಳು) ಹರಿದ್ವು. ಅದನ್ನ ಬಿಚ್ಚಿ ಮುಕ್ಕಾಲು ಇಂಚಿನ ಚೌಕ ಪೈಪಿನ ಫ್ರೇಮ್ ಮಾಡಿಸಿ, ಗೋಡೆಯಿಂದ 6 ಇಂಚು ಹೊರಗೆ ನಿಲ್ಲೋ ಹಾಗೆ ಬ್ರಾಕೆಟ್ ಕೊಟ್ಟು, ಪ್ಲಗ್ ಹಾಕಿ ಸ್ಟೇನ್‌ಲೆಸ್ ಸ್ಕ್ರೂ ಬಿಗಿಸಿದ್ವಿ. ನೆಟ್ಟಿಗೂ ಸಜ್ಜಾಗೂ ಮಧ್ಯ 4 ಇಂಚು ಖಾಲಿ ಬಿಟ್ಟಿದೆ, ನೆಟ್ಟಿನ ಹಿಂದೆ ಕಾದ ಗಾಳಿ ಅಲ್ಲಿಂದ ಮೇಲೆ ಹೋಗ್ಲಿ ಅಂತ. ಅಕ್ಕಪಕ್ಕ ಒಂದೊಂದು ಅಡಿ ಕಿಟಕಿಗಿಂತ ಅಗಲ, ಇಲ್ಲಾಂದ್ರೆ ಓರೆ ಬಿಸಿಲು ಪಕ್ಕದಿಂದ ನುಗ್ಗುತ್ತೆ. ಅಂಚುಗಳನ್ನ ಮಡಚಿ ಎರಡು ಪದರ ಮಾಡಿ ಹೊಲಿಸಿ ಆಮೇಲೆ ಕಣ್ಣು ಹೊಡೆಸಿದ್ದು, ಗಾಳಿಗೆ ತಡೀತಾ ಇದೆ. ಹಗ್ಗ ಮತ್ತು ಸಣ್ಣ ರಾಟೆ ಇಟ್ಟಿರೋದ್ರಿಂದ ಚಳಿಗಾಲದಲ್ಲಿ ಸುತ್ತಿ ಮೇಲೆ ಕಟ್ಬೋದು. ನೆಟ್ ಇಷ್ಟ ಇಲ್ದೋರು ಬಿದಿರಿನ ಚಾಪೆ ಇಳಿಬಿಡ್ಬೋದು, ತತ್ವ ಅದೇ.

ಅದೇ ನಾಲ್ಕೂವರೆ ಹೊತ್ತಿಗೆ ಗಾಜು ಈಗ 36. ಕರ್ಟನ್ ತೆರೆದೇ ಇಡ್ತೀವಿ, ಬೆಳಕೂ ಇದೆ.

ಹಂತ 5: ರಾತ್ರಿ ಗಾಳಿ

ಇದಕ್ಕೆ ಖರ್ಚು ಸೊಳ್ಳೆ ಜಾಲರಿದು ಮಾತ್ರ. ಹೊರಗಿನ ಥರ್ಮಾಮೀಟರ್ ಒಳಗಿನದಕ್ಕಿಂತ ಕೆಳಗೆ ಇಳಿದಾಗ ಎರಡೂ ಕಿಟಕಿ ತೆಗೆಯೋದು, ಬೆಳಗ್ಗೆ ಹೊರಗಿನದು ಮೇಲೇರೋಕೆ ಶುರುವಾದ ಕೂಡ್ಲೇ ಮುಚ್ಚೋದು. ಅಮ್ಮನಿಗೆ ಹಗಲು ಕಿಟಕಿ ಮುಚ್ಚೋದು ಮೊದ್ಲು ಒಗ್ಗಲಿಲ್ಲ, "ಗಾಳಿ ಆಡೋದು ಬೇಡ್ವೇನೋ" ಅಂತಿದ್ರು, ಎರಡೂ ಥರ್ಮಾಮೀಟರ್ ಅವರ ಕೈಗೇ ಕೊಟ್ಟೆ. ಈಗ ನಂಬರ್ ನೋಡಿ ಕಿಟಕಿ ಮುಚ್ಚೋದು ತೆಗೆಯೋದು ಅವರೇ.

ಟೇಬಲ್ ಫ್ಯಾನನ್ನ ಕಿಟಕೀಲಿಟ್ಟು ಗಾಳಿ ಒಳಗೆ ಎಳೆದ್ರೆ ಧೂಳೂ ಬರ್ತಿತ್ತು, ಫ್ಯಾನಿನ ಎದುರು ಮಾತ್ರ ತಂಪು. ತಿರುಗಿಸಿ, ಪಶ್ಚಿಮದ ಕಿಟಕಿಯಿಂದ ಎರಡು ಅಡಿ ಒಳಗೆ, ಮುಖ ಹೊರಗೆ ಮಾಡಿ ಇಟ್ವಿ. ರೂಮಿನ ಬಿಸಿಗಾಳಿ ಹೊರಗೆ ಹೋಗುತ್ತೆ, ಉತ್ತರದ ಕಿಟಕಿಯಿಂದ ತಂಪು ಗಾಳಿ ಮಂಚದ ಮೇಲೆ ಹಾದು ಬರುತ್ತೆ. ಈ ಹೊತ್ತಲ್ಲಿ ರೂಮಿನ ಬಾಗಿಲು ಹಾಕಿರ್ಬೇಕು, ಇಲ್ಲಾಂದ್ರೆ ಕೆಳಗಿನ ಮನೆ ಗಾಳಿನ ಎಳ್ಕೊಳುತ್ತೆ. ಹೊರಗೆ 25 ಇದ್ದ ಒಂದು ಬೆಳಗ್ಗೆ ಆರಕ್ಕೆ ರೂಮು 27.5, ಮೊದ್ಲು ಇಂಥ ದಿನ 31ರ ಆಸುಪಾಸು ಇರ್ತಿತ್ತು. ಕಿಟಕಿ ಮುಚ್ಚಿಟ್ಟಿದ್ದಕ್ಕೆ ಮಧ್ಯಾಹ್ನ ಒಂದಕ್ಕೆ ಹೊರಗೆ 36 ಇದ್ರೂ ಒಳಗೆ 31. ಯಾವ ಸ್ಲ್ಯಾಬು ನಮ್ಗೆ ಶತ್ರು ಆಗಿತ್ತೋ ಅದೇ ಈಗ ರಾತ್ರಿ ತಂಪು ಹಿಡಿದಿಟ್ಕೊಂಡು ಹಗಲು ನಮ್ಮನ್ನ ಕಾಪಾಡುತ್ತೆ.

"ರಾತ್ರಿ ಮಧ್ಯ ಎಚ್ರ ಆಗ್ಲಿಲ್ಲ ಕಣೋ" ಅಂತ ಅಮ್ಮ ಅಂದಿದ್ದು ಈ ಹಂತದಲ್ಲಿ.

ಹಂತ 6: ಒದ್ದೆ ಗೋಣಿ ಪರದೆ

ಒಣ ಹವೆಯಲ್ಲಿ ಮಾತ್ರ. ತೇವಾಂಶ 35 ಇದ್ದ ದಿನ ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟು ಫ್ಯಾನ್ ಹಾಕಿದ್ರೆ ರೂಮು 4 ಡಿಗ್ರಿ ಇಳೀತು. ತೇವಾಂಶ 75 ಇದ್ದ ಸೆಕೆ ದಿನ ಅದನ್ನೇ ಮಾಡಿದ್ರೆ ಇಳಿದಿದ್ದು ಒಂದೇ ಡಿಗ್ರಿ, ತೇವಾಂಶ 88ಕ್ಕೆ ಹೋಗಿ ಹಾಸಿಗೆ ತಣ್ಣೀರು ಚಿಮುಕಿಸಿದ ಹಾಗೆ ಅಂಟಂಟು, ಬೆವರು ಆರೋದೇ ಇಲ್ಲ. ತೇವಾಂಶ 60 ದಾಟಿದ್ರೆ ಗೋಣಿ ಮುಟ್ಟಲ್ಲ ಅಂತ ಮಾಡ್ಕೊಂಡಿದೀವಿ. ಏರ್ ಕೂಲರ್ ಇಟ್ಕೊಂಡಿರೋರಿಗೂ ಇದೇ ಲೆಕ್ಕ, ಮತ್ತೆ ಒಂದು ಕಿಟಕಿ ತೆರೆದಿರ್ಬೇಕು, ಮುಚ್ಚಿದ ರೂಮಲ್ಲಿ ಕೂಲರ್ ಹಾಕಿದ್ರೆ ಬರೀ ತೇವ ತುಂಬುತ್ತೆ.

ಹಂತ 7: ಸೀಲಿಂಗ್ ಫ್ಯಾನ್ ರಿಪೇರಿ

ಹಳೇ ಫ್ಯಾನ್ ಐದರಲ್ಲಿಟ್ರೂ ಎರಡರಷ್ಟೇ ತಿರುಗ್ತಿತ್ತು. ಮೇನ್ ಸ್ವಿಚ್ ಆಫ್ ಮಾಡಿ, ಮೇಲಿನ ಕಪ್ ಇಳಿಸಿ ನೋಡಿದ್ರೆ ಕೆಪಾಸಿಟರ್ ಒಂದು ಕಡೆ ಉಬ್ಬಿತ್ತು, ಮೇಲೆ 2.5 ಮೈಕ್ರೋಫ್ಯಾರಡ್ ಅಂತಿದ್ರೂ ಮಲ್ಟಿಮೀಟರಲ್ಲಿ 1.4 ಬಂತು. ಅದೇ ಮೌಲ್ಯದ್ದು ಹೊಸದು ಹಾಕಿದ್ವಿ. ಜಾಸ್ತಿ ಮೌಲ್ಯದ್ದು ಹಾಕಿದ್ರೆ ಇನ್ನೂ ಜೋರಾಗುತ್ತೆ ಅನ್ನೋರಿದಾರೆ, ಬೇಡ, ಕಾಯಿಲ್ ಕಾಯುತ್ತೆ. ರೆಕ್ಕೆ ಮೇಲಂಚಿನ ಧೂಳು ಒರೆಸಿದ್ವಿ, ಸೀಲಿಂಗಿಗೂ ರೆಕ್ಕೆಗೂ ಒಂದು ಅಡಿ ಅಂತರ ಇದೆ, ತೀರ ಹತ್ರ ಇದ್ರೆ ಗಾಳಿ ಸರಿಯಾಗಿ ಎಳೆಯಲ್ಲ. ಈಗ ಫ್ಯಾನ್ ಅದೇ, ಗಾಳಿ ಬೇರೆ.

ಹೊಸದು ತಗೊಳೋದಾದ್ರೆ ಬಿಎಲ್‌ಡಿಸಿ (ಬ್ರಷ್ ಇಲ್ದ, ಕಮ್ಮಿ ಕರೆಂಟಿನ ಮೋಟರ್) ಫ್ಯಾನ್ ತಗೊಳಿ, ಹಳೇ ಥರದ್ದು 70-75 ವ್ಯಾಟ್ ತಿಂದ್ರೆ ಇದು 30ರ ಆಸುಪಾಸು. ಫ್ಯಾನ್ ರೂಮನ್ನ ತಂಪು ಮಾಡಲ್ಲ, ಮೈನ ಮಾತ್ರ, ಯಾರೂ ಇಲ್ದಾಗ ಆಫ್ ಮಾಡ್ಬೇಕು. ಇನ್ನೊಂದು ಗಂಭೀರ ಮಾತು: ರೂಮಿನ ಗಾಳಿ 40 ಡಿಗ್ರಿ ದಾಟಿದ್ರೆ ಫ್ಯಾನ್ ಮೈಗೆ ಬಿಸಿಯನ್ನೇ ತಳ್ಳುತ್ತೆ. ವಯಸ್ಸಾದೋರು, ಎಳೆ ಮಕ್ಕಳು, ಹುಷಾರಿಲ್ದೋರು ಇದ್ರೆ ಅಂಥ ದಿನ ಫ್ಯಾನ್ ಸಾಕು ಅಂತ ಕೂರಬೇಡಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಎಸಿ ಇರೋ ಕಡೆ ಕರ್ಕೊಂಡು ಹೋಗಿ. ಎಸಿ ಕಮ್ಮಿ ಮಾಡೋಕೆ ಈ ಕೆಲಸ ಎಲ್ಲ, ಜೀವದ ಮೇಲೆ ಹಟ ಸಾಧಿಸೋಕಲ್ಲ.

ಹಂತ 8: ಚಳಿಗೆ

ಗಾಳಿ ಬೀಸೋ ದಿನ ಊದುಬತ್ತಿ ಹಚ್ಚಿ ಬಾಗಿಲು ಕಿಟಕಿ ಅಂಚಿನ ಉದ್ದಕ್ಕೂ ನಿಧಾನಕ್ಕೆ ಹಿಡ್ಕೊಂಡು ಹೋದೆ. ಹೊಗೆ ನೆಟ್ಟಗೆ ಮೇಲೆ ಹೋದ್ರೆ ಸರಿ, ಅಡ್ಡ ಮಲಗಿದ್ರೆ ಅಲ್ಲಿ ಸಂದಿ ಇದೆ. ಬಾಗಿಲ ಕೆಳಗೆ 14 ಎಂಎಂ ಸಂದಿ, ಅಲ್ಲಿಗೆ ಬ್ರಷ್ ಪಟ್ಟಿ. ಕಿಟಕಿ ರೆಕ್ಕೆಗೆ 9 ಎಂಎಂ ದಪ್ಪದ ಫೋಮ್ ಟೇಪ್ ಹಾಕಿದ್ರೆ ಚಿಲಕ ಬೀಳ್ತಾನೇ ಇರ್ಲಿಲ್ಲ, ಕಿತ್ತು 4 ಎಂಎಂದು ಹಾಕಿದ್ಮೇಲೆ ಸರಿಹೋಯ್ತು. ಫ್ರೇಮಿಗೂ ಗೋಡೆಗೂ ಮಧ್ಯದ ಬಿರುಕಿಗೆ ಅಕ್ರಿಲಿಕ್ ಸೀಲೆಂಟ್. ಸಂಜೆ ಕತ್ತಲಾಗ್ತಿದ್ದ ಹಾಗೆ ದಪ್ಪ ಕರ್ಟನ್ ಎಳೆಯೋದು, ಕೆಳಗೆ ನೆಲ ಮುಟ್ಟೋ ಹಾಗೆ. ತುಂಬ ಚಳಿಯ ಒಂದು ಬೆಳಗ್ಗೆ ರೂಮು 16.5 ಇತ್ತು, ಹಿಂದೆ ಅಂಥ ಹವೆಯಲ್ಲಿ 14.5 ನೋಡಿದ್ದೆ. ಎರಡು ಡಿಗ್ರಿ ಅಷ್ಟೇ, ಆದ್ರೆ ಕಾಲಿಗೆ ಸುಳೀತಿದ್ದ ಗಾಳಿ ನಿಂತಿದ್ದೇ ದೊಡ್ಡದು, ಹೀಟರ್ ಬದ್ಲು ಹಾಸಿಗೇಲಿ ಬಿಸಿನೀರಿನ ಚೀಲ ಸಾಕಾಗ್ತಿದೆ. ಬಿಳಿ ತಾರಸಿಯಿಂದ ಚಳಿಗಾಲದ ಹಗಲು ಸ್ವಲ್ಪ ಬಿಸಿ ಕಳ್ಕೊಳ್ತೀವಿ, ಅದು ನಿಜ.

ಸಂದಿ ಮುಚ್ಚಿದ ರೂಮಲ್ಲಿ ಇದ್ದಿಲು ಒಲೆ, ಗ್ಯಾಸ್ ಹೀಟರ್ ಯಾವ್ದೂ ಉರಿಸಲೇ ಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೇಲೇ ಜೀವ ಹೋಗುತ್ತೆ. ಮತ್ತೆ ಬೆಳಗ್ಗೆ ಹತ್ತು ನಿಮಿಷ ಕಿಟಕಿ ತೆಗೆದು ಉಸಿರಿನ ತೇವ ಹೊರಗೆ ಬಿಡಿ, ಬೀರುನ ಹೊರಗೋಡೆಯಿಂದ ಎರಡು ಮೂರು ಇಂಚು ಮುಂದಕ್ಕೆ ಎಳೀರಿ, ಇಲ್ಲಾಂದ್ರೆ ಹಿಂದೆ ಬೂಷ್ಟು ಬರುತ್ತೆ.

ಹಂತ 9: ಪಶ್ಚಿಮದ ಗೋಡೆ, ನಡೀತಾ ಇದೆ

ತಾರಸಿ, ಕಿಟಕಿಯ ಬಿಸಿ ಇಳಿದ್ಮೇಲೆ ರಾತ್ರಿ ಒಂಬತ್ತಕ್ಕೆ ರೂಮಲ್ಲಿ ಅತಿ ಬಿಸಿ ಇರೋದು ಈಗ ಈ ಗೋಡೆ, 36 ಇದ್ದದ್ದು ಹೆಚ್ಚು ಕಮ್ಮಿ ಅಲ್ಲೇ ಇದೆ. ಮೂರು ಅಡಿ ಚೌಕಕ್ಕೆ ತಾರಸಿಯ ಉಳಿದ ಬಿಳಿ ಕೋಟು ಹಚ್ಚಿ ನೋಡ್ದೆ, ಸಂಜೆ ಹೊರಮೈ ಅಕ್ಕಪಕ್ಕಕ್ಕಿಂತ 3 ಡಿಗ್ರಿ ಮಾತ್ರ ಕಮ್ಮಿ, ಗೋಡೆ ಮೊದ್ಲೇ ತಿಳಿ ಹಳದಿ ಬಣ್ಣ ಇರೋದ್ರಿಂದ ಹೆಚ್ಚು ಲಾಭ ಇಲ್ಲ. ಅದಕ್ಕೆ ಗೋಡೆಯಿಂದ 6 ಇಂಚು ಬಿಟ್ಟು ತಂತಿ ಎಳೆದು ಬಳ್ಳಿ ಹಬ್ಬಿಸೋದು ಅಂತ ಮಾಡಿದೀವಿ, ಗೋಡೆಗೆ ಅಂಟ್ಕೊಂಡು ಬೇರು ಬಿಡೋ ಜಾತಿ ಬೇಡ, ಪ್ಲಾಸ್ಟರ್ ಬಿರುಕಿಗೆ ನುಗ್ಗುತ್ತೆ. ಬ್ರಾಕೆಟ್ ತೂತು ಕೊರೆದಾಗಿದೆ, ಕುಂಡ ಬಂದಿದೆ. ಬಳ್ಳಿ ಹಬ್ಬೋವರೆಗೂ ಅದೇ ತಂತಿಗೆ ಉಳಿದ ಶೇಡ್ ನೆಟ್ ತುಂಡು ಕಟ್ತೀವಿ, ಗೋಡೆಯ ರಾತ್ರಿ ಒಂಬತ್ತರ ನಂಬರ್ ಇಳಿದ್ಮೇಲೆ ಈ ಹಂತಕ್ಕೇ ಸೇರಿಸ್ತೀನಿ.